ನ್ಯಾಯವಂತ ಅರಸನಿಗಾಗಿ ಕಾದವರು: ಮಸೀಹರ ನಿರೀಕ್ಷೆ ಮತ್ತು ಎಡೆದೊರೆ ನಾಡಿನ ಚರಿತ್ರೆ

ಡಿಸೆಂಬರ್ ತಿಂಗಳು ಬಂತೆಂದರೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಸೀಮೆಯ ಕ್ರೈಸ್ತ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ರಾಯಚೂರು ನಗರದಲ್ಲಾಗಲಿ, ಮಾನ್ವಿ, ದೇವದುರ್ಗಗಳಲ್ಲಾಗಲಿ, ಗುಂಜಹಳ್ಳಿಯಂತಹ ಹಳ್ಳಿಗಳ ಆಸುಪಾಸಿನಲ್ಲಾಗಲಿ ಬೆಳೆಯುವ ಮುಸ್ಲಿಮ್ ಮಕ್ಕಳಿಗೆ ಅದು ಹೊಸ ನೋಟವಲ್ಲ. ಆದರೆ ಅವರಲ್ಲಿ ಚುರುಕಾದ ಮಗುವೊಂದು, “ಕ್ರೈಸ್ತರು ಹಬ್ಬಕ್ಕೆ ಮುಂಚೆ ನಾಲ್ಕು ವಾರ ಯಾರಿಗಾಗಿಯೋ ಕಾಯುತ್ತಾರಂತೆ. ಅವರು ಹುಟ್ಟಿ ಎರಡು ಸಾವಿರ ವರ್ಷಗಳಾದವಲ್ಲ, ಈಗ ಯಾರಿಗಾಗಿ ಕಾಯುವುದು?” ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹಿರಿಯರು ಸರಿಯಾದ ಉತ್ತರ ಕೊಡಬಲ್ಲರು? ‘ಅದು ಅವರ ಧರ್ಮ’ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಆ ಪ್ರಶ್ನೆ ನಮ್ಮ ಧರ್ಮಕ್ಕೂ ಸೇರಿದ್ದು. ಅವರು ಕಾಯುತ್ತಿರುವುದು ಮರ್ಯಮರ(ಅ) ಪುತ್ರ ಈಸಾರಿಗಾಗಿ(ಅ). ನಾವೂ ಅವರ ಪುನರಾಗಮನವನ್ನು ನಂಬಿದವರು.

ಈ ನಿರೀಕ್ಷೆಯ ಹುಟ್ಟನ್ನು ತಿಳಿಯಲು ಬಹಳ ಹಿಂದಕ್ಕೆ ಹೋಗಬೇಕು. ‘ಮಸೀಹ’ ಎಂಬುದು ಹೀಬ್ರೂ ಮತ್ತು ಅರಬಿ ಭಾಷೆಗಳಿಗೆ ಸಮಾನವಾದ ಮೂಲದಿಂದ ಬಂದ ಪದ. ತೈಲದಿಂದ ಸವರಲ್ಪಟ್ಟವನು, ಅಭಿಷಿಕ್ತ ಎಂದು ಅದರ ಅರ್ಥ. ಬನೀ ಇಸ್ರಾಈಲರಲ್ಲಿ ಒಬ್ಬನನ್ನು ಅರಸನನ್ನಾಗಿ ನೇಮಿಸುವಾಗ ಅವನ ತಲೆಗೆ ಎಣ್ಣೆ ಹಚ್ಚುವ ಸಂಪ್ರದಾಯವಿತ್ತು. ಹಾಗಾಗಿ ಮೊದಲಿಗೆ ಈ ಪದ ಯಾವುದೋ ಮುಂಬರುವ ಮಹಾಪುರುಷನನ್ನಲ್ಲ, ಕಣ್ಣೆದುರಿಗಿದ್ದ ಅರಸನನ್ನೇ ಸೂಚಿಸುತ್ತಿತ್ತು. ಪ್ರವಾದಿ ದಾವೂದರು(ಅ) ಅಂತಹ ಅರಸರಾಗಿದ್ದರು. ಜನರ ನಡುವೆ ನ್ಯಾಯದಿಂದ ತೀರ್ಪು ನೀಡಬೇಕು, ಸ್ವೇಚ್ಛೆಯನ್ನು ಹಿಂಬಾಲಿಸಬಾರದು ಎಂದು ಅಲ್ಲಾಹನು ಅವರಿಗೆ ಆಜ್ಞಾಪಿಸಿದ್ದನ್ನು ಪವಿತ್ರ ಕುರ್‌ಆನಿನ ‘ಸ್ವಾದ್’ ಅಧ್ಯಾಯದಲ್ಲಿ ನಾವು ಓದುತ್ತೇವೆ. ಆಳುವವನಿಗೆ ನ್ಯಾಯವೇ ಮೊದಲ ಇಬಾದತ್ ಎಂಬ ಭಾವ ಅಲ್ಲಿದೆ.

ದಾವೂದರ(ಅ) ನಂತರ ಬಂದ ಅರಸರಲ್ಲಿ ಹೆಚ್ಚಿನವರು ಆ ಮಟ್ಟಕ್ಕೆ ಏರಲಿಲ್ಲ. ಬಡವರ ಹೊಲಗಳು ಶ್ರೀಮಂತರ ಪಾಲಾದವು, ತೀರ್ಪುಗಳು ಲಂಚಕ್ಕೆ ಮಾರಾಟವಾದವು. ಇದೇ ಕಾಲದಲ್ಲಿ ಅಸ್ಸೀರಿಯದ ಸೇನೆ ಉತ್ತರದಿಂದ ಇಳಿದು ಬಂತು. ಕ್ರಿ.ಪೂ. 722ರಲ್ಲಿ ಸಮಾರ್ಯ ನಗರ ಪತನವಾಯಿತು. ಈ ಭೀತಿಯ ನಡುವೆ ಜೆರುಸಲೇಮಿನಲ್ಲಿ ನಿಂತು ಮಾತನಾಡಿದವರು ಬೈಬಲ್ ಯೆಶಾಯ ಎಂದೂ ನಮ್ಮ ಇತಿಹಾಸಕಾರರು ಶಅಯಾ ಎಂದೂ ಕರೆಯುವ ಪ್ರವಾದಿ. ದಾವೂದರ ವಂಶ ಕಡಿದ ಮರದ ಬುಡದಂತಾದರೂ ಅದರಿಂದ ಒಂದು ಚಿಗುರು ಒಡೆಯುವುದು ಎಂದು ಅವರ ಹೆಸರಿನ ಗ್ರಂಥ ಹೇಳುತ್ತದೆ. ಆ ಅರಸನು ಕಣ್ಣಿಗೆ ಕಂಡದ್ದನ್ನು, ಕಿವಿಗೆ ಬಿದ್ದದ್ದನ್ನು ನೆಚ್ಚಿ ತೀರ್ಪು ಕೊಡುವವನಲ್ಲ, ಬಡವರ ಪರವಾಗಿ ನಿಲ್ಲುವವನು. ಅವನ ಕಾಲದಲ್ಲಿ ತೋಳ ಮತ್ತು ಕುರಿಮರಿ ಜೊತೆಯಾಗಿ ಬಾಳುವವು. ಯುದ್ಧದ ಸದ್ದು ಅಡಗುವುದು. ಕ್ರೈಸ್ತರು ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ತಮ್ಮ ಆರಾಧನೆಗಳಲ್ಲಿ ಓದುವುದು ಈ ಭಾಗಗಳನ್ನೇ.

ಈ ಭರವಸೆ ಅರಮನೆಯ ಹೊಗಳುಭಟರ ಬಾಯಿಂದ ಬಂದದ್ದಲ್ಲ. ಅದು ಆಗಿನ ಅರಸರ ಮೇಲಿನ ಒಂದು ದೂರಾಗಿತ್ತು. ‘ಬರಲಿರುವ ಅರಸ ನ್ಯಾಯವಂತ’ ಎಂದರೆ ‘ಈಗ ಕುಳಿತಿರುವವನು ಅಲ್ಲ’ ಎಂಬ ಮಾತು ಅದರೊಳಗೇ ಅಡಗಿದೆ.

ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಸೇನೆ ಜೆರುಸಲೇಮನ್ನು ಸುಟ್ಟು ಜನರನ್ನು ಸೆರೆ ಒಯ್ದಿತು. ಅಭಿಷಿಕ್ತ ಅರಸರ ಸಾಲು ಅಲ್ಲಿಗೆ ಮುರಿಯಿತು. ನಂತರ ಕ್ರಿ.ಪೂ. 539ರಲ್ಲಿ ಪರ್ಷಿಯಾದ ಕೋರೇಶನು ಬಾಬಿಲೋನನ್ನು ಗೆದ್ದು ಸೆರೆಯಲ್ಲಿದ್ದ ಯಹೂದಿಯರಿಗೆ ಊರಿಗೆ ಮರಳಲು ಅನುಮತಿ ನೀಡಿದನು. ಆಗ ಒಂದು ಸೋಜಿಗ ನಡೆಯಿತು. ಯೆಶಾಯರ ಗ್ರಂಥದ ಮುಂದಿನ ಭಾಗದಲ್ಲಿ ಈ ಕೋರೇಶನನ್ನೇ ದೇವರ ‘ಅಭಿಷಿಕ್ತ’ ಎಂದು ಕರೆಯಲಾಗಿದೆ. ಆತ ಯಹೂದಿಯಲ್ಲ, ದಾವೂದರ ವಂಶದವನೂ ಅಲ್ಲ. ಸೆರೆಯವರ ಸಂಕೋಲೆ ಬಿಚ್ಚಿದನೆಂಬ ಒಂದೇ ಕಾರಣಕ್ಕೆ ಅವನಿಗೆ ಆ ಬಿರುದು ದೊರೆಯಿತು. ಕುರ್‌ಆನಿನ ಕಹ್ಫ್ ಅಧ್ಯಾಯದಲ್ಲಿ ಬರುವ ಜುಲ್‌ಕರ್‌ನೈನ್ ಎಂಬ ನ್ಯಾಯವಂತ ಅರಸ ಇದೇ ಕೋರೇಶನೆಂದು ಮೌಲಾನಾ ಅಬುಲ್ ಕಲಾಮ್ ಆಝಾದ್ ತಮ್ಮ ವ್ಯಾಖ್ಯಾನದಲ್ಲಿ ವಾದಿಸಿದ್ದಾರೆ. ಆ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲವಾದರೂ, ತನ್ನವರಲ್ಲದವರಿಗೆ ನ್ಯಾಯ ನೀಡಿದ ಅರಸನನ್ನು ಎರಡು ಧರ್ಮಗಳ ಓದುಗರು ಹುಡುಕಿಕೊಂಡು ಹೋದರು ಎಂಬುದೇ ಗಮನಾರ್ಹ.

ಈಸಾ(ಅ) ಜನಿಸಿದಾಗ ಯಹೂದಿಯರು ರೋಮನ್ನರ ಅಡಿಯಲ್ಲಿದ್ದರು. ಜನ ಕಾಯುತ್ತಿದ್ದುದು ಕತ್ತಿ ಹಿಡಿದ ದಾವೂದನಿಗಾಗಿ. ಬಂದವರು ಕುಷ್ಠರೋಗಿಗಳನ್ನು ಮುಟ್ಟಿ ಗುಣಪಡಿಸಿದರು, ಸಿಂಹಾಸನ ಕೇಳಲಿಲ್ಲ. ಇಂಜೀಲುಗಳ ಪ್ರಕಾರ ಅವರು ಜೆರುಸಲೇಮನ್ನು ಪ್ರವೇಶಿಸಿದ್ದು ಯುದ್ಧದ ಕುದುರೆಯ ಮೇಲಲ್ಲ, ಕತ್ತೆಯ ಮೇಲೆ. ಅವರ ನಂತರ ನೂರು ವರ್ಷ ಕಳೆಯುವಷ್ಟರಲ್ಲಿ, ಕ್ರಿ.ಶ. 132ರಿಂದ 135ರವರೆಗೆ, ಬಾರ್ ಕೊಖ್ಬಾ ಎಂಬ ದಂಡನಾಯಕನನ್ನು ಯಹೂದಿಗಳ ದೊಡ್ಡ ವಿದ್ವಾಂಸರೊಬ್ಬರು ಮಸೀಹನೆಂದು ಒಪ್ಪಿ ರೋಮನ್ನರ ವಿರುದ್ಧ ಬಂಡೆದ್ದರು. ರೋಮನ್ನರು ಆ ಬಂಡಾಯವನ್ನು ರಕ್ತದಲ್ಲಿ ಮುಳುಗಿಸಿದರು. ಕತ್ತಿಯ ಮಸೀಹನನ್ನು ಹುಡುಕಿದ್ದಕ್ಕೆ ಆ ಜನಾಂಗ ತೆತ್ತ ಬೆಲೆ ಭಯಂಕರವಾದುದು.

ಆದಿ ಕ್ರೈಸ್ತರು ಈ ಕಗ್ಗಂಟನ್ನು ಹೀಗೆ ಬಿಡಿಸಿಕೊಂಡರು: ಮಸೀಹರು ಒಮ್ಮೆ ವಿನಯದಿಂದ ಬಂದರು, ಮತ್ತೊಮ್ಮೆ ನ್ಯಾಯಾಧಿಪತಿಯಾಗಿ ಬರುವರು. ಹೀಗಾಗಿ ಅವರ ಡಿಸೆಂಬರಿನ ಕಾಯುವಿಕೆಗೆ ಎರಡು ಮುಖಗಳಿವೆ. ಒಂದು ಹಳೆಯ ಜನನದ ಸ್ಮರಣೆ, ಇನ್ನೊಂದು ಇನ್ನೂ ಈಡೇರದ ವಾಗ್ದಾನದ ನಿರೀಕ್ಷೆ. ಮೊದಲ ಮೂರು ಶತಮಾನಗಳಲ್ಲಿ ಅವರಿಗೆ ರಾಜ್ಯವಿರಲಿಲ್ಲ. ಚಕ್ರವರ್ತಿಗೆ ಧೂಪ ಹಾಕಲು ನಿರಾಕರಿಸಿ ಸತ್ತವರಿದ್ದರು. ಕ್ರಿ.ಶ. 313ರಲ್ಲಿ ಕಾನ್‌ಸ್ಟಂಟೈನ್ ಅವರಿಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ಚಿತ್ರ ಬದಲಾಯಿತು. ಕೈಸರಿಯದ ಬಿಷಪ್ ಯುಸೇಬಿಯಸ್ ಚಕ್ರವರ್ತಿಯ ಆಳ್ವಿಕೆಯನ್ನು ಸ್ವರ್ಗದ ರಾಜ್ಯದ ಪ್ರತಿಬಿಂಬವೆಂದು ಹೊಗಳಿದರು. ಅರಸರ ಮೇಲಿನ ದೂರಾಗಿದ್ದ ಭರವಸೆ ಅರಸರ ಕಿರೀಟದ ಹರಳಾಯಿತು. 1099ರಲ್ಲಿ ಜೆರುಸಲೇಮಿನ ಬೀದಿಗಳಲ್ಲಿ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದವರ ಎದೆಯ ಮೇಲೆ ಶಾಂತಿಯ ಅರಸನ ಗುರುತೇ ಇತ್ತು.

ಇದನ್ನು ಬರೆಯುವಾಗ ನಮ್ಮ ಲೇಖಕರು ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತಾರೆ. ಅದು ನ್ಯಾಯವಲ್ಲ. ಧರ್ಮದ ಹೆಸರು ಹೇಳಿಕೊಂಡ ಅರಸರು ಎಲ್ಲ ಕಡೆಯಲ್ಲೂ ಇದ್ದರು. ಅದಕ್ಕೆ ಸಾಕ್ಷಿ ಹುಡುಕಿಕೊಂಡು ಫೆಲೆಸ್ತೀನಿಗೆ ಹೋಗುವ ಅಗತ್ಯವೂ ಇಲ್ಲ.

ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದ, ಸುಲ್ತಾನರ ಕಾಲದಿಂದ ರಾಯಚೂರು ದೋಆಬ್ ಎನಿಸಿಕೊಂಡ ಈ ನೆಲ ಒಳ್ಳೆಯ ಅರಸನಿಗಾಗಿ ಕಾದಷ್ಟು ಕರ್ನಾಟಕದ ಬೇರಾವ ಸೀಮೆ ಕಾದಿರಲಿಕ್ಕಿಲ್ಲ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಯುದ್ಧಕ್ಕೆ ಬೇಸತ್ತು ಧರ್ಮದ ಮಾತು ಹಿಡಿದ ಆ ಸಾಮ್ರಾಟನ ಸ್ವಂತ ಹೆಸರು ಶಾಸನವೊಂದರಲ್ಲಿ ಮೊದಲ ಬಾರಿಗೆ ಸಿಕ್ಕಿದ್ದು ಇಲ್ಲಿಯೇ. ಆದರೆ ಮುಂದಿನ ಚರಿತ್ರೆ ಬೇರೆ. ಎರಡು ನದಿಗಳ ನಡುವಿನ ಕಪ್ಪು ಮಣ್ಣು, ಹತ್ತಿರದ ಚಿನ್ನದ ಗಣಿಗಳು, ರಾಯಚೂರು ಮತ್ತು ಮುದಗಲ್ ಎಂಬ ಎರಡು ಗಟ್ಟಿ ಕೋಟೆಗಳು. ಇವುಗಳಿಗಾಗಿ ವಿಜಯನಗರದ ರಾಯರೂ ಬಹಮನಿ ಸುಲ್ತಾನರೂ, ಅವರ ನಂತರ ಬಿಜಾಪುರದ ಆದಿಲ್‌ಶಾಹಿಗಳೂ ಎರಡು ಶತಮಾನ ಕಾದಾಡಿದರು. ಪ್ರತಿ ಸಲವೂ ತುಳಿತಕ್ಕೊಳಗಾದದ್ದು ರೈತನ ಜೋಳದ ಹೊಲ.

1366ರ ಘಟನೆಯೊಂದನ್ನು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾರೆ. ಬುಕ್ಕರಾಯನ ಸೇನೆ ಮುದಗಲ್ ಕೋಟೆಯನ್ನು ಹಿಡಿದು ಒಳಗಿದ್ದವರನ್ನು ಹೆಂಗಸರು ಮಕ್ಕಳೆನ್ನದೆ ಕೊಂದಿತು. ಸುದ್ದಿ ಕೇಳಿದ ಬಹಮನಿ ಸುಲ್ತಾನ ಮುಹಮ್ಮದ್ ಷಾ ಒಂದು ಲಕ್ಷ ಜನರನ್ನು ಕೊಲ್ಲದೆ ಕತ್ತಿಯನ್ನು ಒರೆಗೆ ಸೇರಿಸುವುದಿಲ್ಲವೆಂದು ಶಪಥ ಮಾಡಿದನಂತೆ. ಆ ಶಪಥ ಎಷ್ಟೋ ನಿರಪರಾಧಿಗಳ ಪ್ರಾಣ ತೆಗೆಯಿತು. ಫಿರಿಶ್ತಾರ ಸಂಖ್ಯೆಗಳು ಉಬ್ಬಿಸಿದವು ಎಂಬುದನ್ನು ಇಂದಿನ ಇತಿಹಾಸಕಾರರು ಹೇಳುತ್ತಾರೆ. ಇರಬಹುದು. ಆದರೆ ಶಪಥ ಮಾಡಿದವನು ನಮಾಜು ಮಾಡುವ ಅರಸನಾಗಿದ್ದ ಎಂಬುದನ್ನು ಸಂಖ್ಯೆ ಕಡಿಮೆ ಮಾಡಿ ಮರೆಸಲಾಗದು. ಹೆಂಗಸರನ್ನೂ ಮಕ್ಕಳನ್ನೂ ಯುದ್ಧದಲ್ಲಿ ಕೊಲ್ಲಬಾರದೆಂಬ ಪ್ರವಾದಿವರ್ಯರ(ಸ) ಸ್ಪಷ್ಟ ನಿಷೇಧ ಅವನಿಗೆ ತಿಳಿಯದೇ ಇರಲು ಸಾಧ್ಯವಿರಲಿಲ್ಲ. ಕೊನೆಗೆ ವಿಜಯನಗರದ ರಾಯಭಾರಿಗಳು ಬಂದು, ನಿರಪರಾಧಿಗಳ ರಕ್ತ ಹರಿಸುವುದನ್ನು ನಿಲ್ಲಿಸಬೇಕೆಂದು ಬೇಡಿಕೊಂಡರು. ಸುಲ್ತಾನ ಮನಕರಗಿ, ಇನ್ನು ಮುಂದೆ ಗೆಲುವಿನ ನಂತರ ಯಾರನ್ನೂ ಕೊಲ್ಲುವುದಿಲ್ಲ, ತನ್ನ ಉತ್ತರಾಧಿಕಾರಿಗಳೂ ಇದಕ್ಕೆ ಬದ್ಧರು ಎಂದು ಮಾತು ಕೊಟ್ಟನು. ಅಂದಿನಿಂದ ನಿರಾಯುಧರನ್ನು ಉಳಿಸುವುದು ದಖನ್ನಿನ ರೂಢಿಯಾಯಿತು ಎಂದು ಫಿರಿಶ್ತಾ ಬರೆಯುತ್ತಾರೆ. ಆ ರೂಢಿ ಎಷ್ಟೋ ಸಲ ಮುರಿಯಿತು. ಆದರೂ ಮುಸ್ಲಿಮ್ ಅರಸನಿಗೆ ಅವನದೇ ಧರ್ಮದ ಒಂದು ಪಾಠವನ್ನು ಹಿಂದೂ ರಾಯಭಾರಿಗಳು ನೆನಪಿಸಬೇಕಾಗಿ ಬಂದ ಆ ಸಂಗತಿಯನ್ನು ನಮ್ಮ ಮದ್ರಸಗಳ ಇತಿಹಾಸದ ಪಾಠದಲ್ಲಿ ಹೇಳಿಕೊಡಬೇಕು ಎಂದು ನನಗೆ ಅನ್ನಿಸುತ್ತದೆ.

ಕ್ರೈಸ್ತರು ಈ ಸೀಮೆಯ ಯುದ್ಧಚರಿತ್ರೆಗೆ ಕಾಲಿಟ್ಟದ್ದು ಶಿಲುಬೆ ಹಿಡಿದಲ್ಲ, ಕೋವಿ ಹಿಡಿದು. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಷಾನನ್ನು ಸೋಲಿಸಿ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಕ್ರಿಸ್ಟೊವಾವ್ ದೆ ಫಿಗರೆದೊ ಎಂಬ ಪೋರ್ಚುಗೀಸನ ಕೋವಿಕಾರರು ರಾಯನ ನೆರವಿಗಿದ್ದರು. ಬಿಜಾಪುರದ ಕಡೆಯಲ್ಲೂ ಪೋರ್ಚುಗೀಸ್ ಪಕ್ಷಾಂತರಿಗಳಿದ್ದರು. ರಾಯನ ಸೇನೆಯಲ್ಲಿ ಮುಸ್ಲಿಮ್ ಯೋಧರೂ ಇದ್ದರು. ಇದನ್ನು ಧರ್ಮಯುದ್ಧವೆಂದು ಇಂದು ವೇದಿಕೆಗಳ ಮೇಲೆ ಬಣ್ಣಿಸುವವರು ಈ ಪಟ್ಟಿಯನ್ನೊಮ್ಮೆ ನೋಡಬೇಕು. ನಡೆದದ್ದು ಎರಡು ನದಿಗಳ ನಡುವಿನ ಕಂದಾಯಕ್ಕಾಗಿ.

ಇಂತಹ ನೆಲದಲ್ಲಿಯೇ ಕ್ರೈಸ್ತರ ಒಂದು ಪುಟ್ಟ ಸಮುದಾಯ ಬೇರೂರಿತು. ಲಿಂಗಸುಗೂರು ತಾಲೂಕಿನ ಮುದಗಲ್‌ನಲ್ಲಿ ಜೆಸುಯಿಟ್ ಪಾದ್ರಿಗಳು 1557ಕ್ಕಿಂತ ಮೊದಲೇ ಚರ್ಚ್ ಕಟ್ಟಿದ್ದರೆಂದು ಗೆಜೆಟಿಯರುಗಳು ಹೇಳುತ್ತವೆ. ಜೆಸುಯಿಟರ ಸಂಘಕ್ಕೆ ರೋಮಿನ ಮನ್ನಣೆ ಸಿಕ್ಕಿದ್ದೇ 1540ರಲ್ಲಿ, ಫ್ರಾನ್ಸಿಸ್ ಝೇವಿಯರ್ ಗೋವೆಗೆ ಬಂದದ್ದು 1542ರಲ್ಲಿ. ಕರಾವಳಿಯಿಂದ ಇಷ್ಟು ದೂರದ ಒಳನಾಡಿನಲ್ಲಿ, ಅಷ್ಟು ಬೇಗ, ಅದೂ ಪೋರ್ಚುಗೀಸರ ಆಳ್ವಿಕೆಯ ಹೊರಗೆ ಒಂದು ಚರ್ಚ್ ಎದ್ದದ್ದು ಸಣ್ಣ ಸಂಗತಿಯಲ್ಲ.

ಅದೇ ವರ್ಷಗಳಲ್ಲಿ ಗೋವೆಯಲ್ಲಿ ಏನು ನಡೆಯುತ್ತಿತ್ತು? 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಬಿಜಾಪುರದಿಂದ ಕಿತ್ತುಕೊಂಡಾಗ ಅಲ್ಲಿನ ಮುಸ್ಲಿಮರನ್ನು ಕೊಲ್ಲಿಸಿ, ಆ ವಿಷಯವನ್ನು ಹೆಮ್ಮೆಯಿಂದ ತನ್ನ ದೊರೆಗೆ ಬರೆದನು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಹೊಸದಾಗಿ ಕ್ರೈಸ್ತರಾದವರು ಹಳೆಯ ಆಚಾರಗಳನ್ನು ಗುಟ್ಟಾಗಿ ಇಟ್ಟುಕೊಂಡಿದ್ದಾರೆಯೇ ಎಂದು ಅಡುಗೆಮನೆಯವರೆಗೂ ಇಣುಕಿದ ಆ ವ್ಯವಸ್ಥೆ ಕೊನೆಗೊಂಡದ್ದು 1812ರಲ್ಲಿ. ಅದಕ್ಕೆ ಹೆದರಿ ಗೋವೆ ಬಿಟ್ಟು ಕನ್ನಡ ಕರಾವಳಿಗೆ ಬಂದ ಕುಟುಂಬಗಳಲ್ಲಿ ಹಿಂದೂಗಳಷ್ಟೇ ಅಲ್ಲ, ಸ್ವತಃ ಕ್ರೈಸ್ತರೂ ಇದ್ದರು.

ಮಸೀಹರ ಹೆಸರು ಎರಡೂ ಕಡೆ ಒಂದೇ. ಗೋವೆಯಲ್ಲಿ ಆ ಹೆಸರಿನ ಹಿಂದೆ ವೈಸ್‌ರಾಯ್, ಸೆರೆಮನೆ, ಫಿರಂಗಿಗಳಿದ್ದವು. ಮುದಗಲ್‌ನಲ್ಲಿ ಆ ಹೆಸರಿನ ಹಿಂದೆ ಏನೂ ಇರಲಿಲ್ಲ. ಅಲ್ಲಿನ ಕ್ರೈಸ್ತರು ಆದಿಲ್‌ಶಾಹಿ ಸುಲ್ತಾನರ, ಮುಂದೆ ಮೊಗಲರ, ಆಮೇಲೆ ನಿಜಾಮರ ಪ್ರಜೆಗಳಾಗಿ ಬದುಕಿದರು. 1853ರಲ್ಲಿ ನಿಜಾಮರು ಈ ದೋಆಬನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟು 1860ರಲ್ಲಿ ಮರಳಿ ಪಡೆದ ಆ ಕೆಲವೇ ವರ್ಷಗಳನ್ನು ಬಿಟ್ಟರೆ, ಕ್ರೈಸ್ತ ಅರಸೊತ್ತಿಗೆ ಎಂಬುದನ್ನು ಅವರು ನೇರವಾಗಿ ಕಂಡವರೇ ಅಲ್ಲ. ನ್ಯಾಯವಂತ ಅರಸನೊಬ್ಬ ಬರುವನೆಂದು ವರ್ಷ ವರ್ಷವೂ ಪ್ರಾರ್ಥಿಸಿದರು, ಆದರೆ ಆ ಅರಸನಿಗಾಗಿ ಯಾರ ಕೋಟೆಯನ್ನೂ ಮುತ್ತಲಿಲ್ಲ. ಈಸಾರ(ಅ) ಕಾಲದ ಮೊದಲ ಅನುಯಾಯಿಗಳ ಸ್ಥಿತಿಗೆ ಗೋವೆಯ ಭವ್ಯ ಕೆಥೆಡ್ರಲಿಗಿಂತ ಮುದಗಲ್‌ನ ಕೇರಿ ಹತ್ತಿರವಾಗಿತ್ತು ಎಂದರೆ ಕ್ರೈಸ್ತ ಮಿತ್ರರು ಬೇಸರಿಸಲಾರರು ಎಂದುಕೊಂಡಿದ್ದೇನೆ.

ಬಿಜಾಪುರದ ಅರಸರು ಸಂತರಾಗಿರಲಿಲ್ಲ. ಒಂದನೆಯ ಅಲಿ ಆದಿಲ್ ಷಾ 1561ರಲ್ಲಿ ಗೋವೆಯಿಂದ ಕ್ರೈಸ್ತ ಪಾದ್ರಿಗಳನ್ನು ಬಿಜಾಪುರಕ್ಕೆ ಕರೆಸಿಕೊಂಡು ಅವರ ಧರ್ಮದ ಬಗ್ಗೆ ಕೇಳಿ ತಿಳಿದವರು. ಮೊಗಲ್ ಚಕ್ರವರ್ತಿ ಅಕ್ಬರರ ಆಸ್ಥಾನಕ್ಕೆ ಜೆಸುಯಿಟರು ತಲುಪಿದ್ದು ಇದಾದ ಸುಮಾರು ಇಪ್ಪತ್ತು ವರ್ಷಗಳ ನಂತರ. ಆದರೆ 1565ರ ಯುದ್ಧದಲ್ಲಿ ವಿಜಯನಗರವನ್ನು ಹಾಳುಗೆಡವಿದ ಒಕ್ಕೂಟದಲ್ಲೂ ಇದೇ ಅಲಿ ಆದಿಲ್ ಷಾ ಇದ್ದರು. ಅವರ ನಂತರ ಬಂದ ಎರಡನೆಯ ಇಬ್ರಾಹೀಮ್ ಆದಿಲ್ ಷಾರನ್ನು ಜನ ಜಗದ್ಗುರು ಬಾದಷಹ ಎಂದು ಕರೆದರು. ಒಬ್ಬನೇ ಅರಸನಲ್ಲಿ ಔದಾರ್ಯವೂ ಲೋಭವೂ ಜೊತೆಯಾಗಿರುತ್ತವೆ. ಆದ್ದರಿಂದಲೇ ಜನರು ಕೊನೆಗೂ ‘ಇವನಲ್ಲ, ಇನ್ನೊಬ್ಬ ಬರಬೇಕು’ ಎನ್ನುತ್ತಾರೆ.

ಹಾಗೆ ಅಂದವರು ಕ್ರೈಸ್ತರು ಮಾತ್ರವಲ್ಲ. ಆ ಕಾಲದ ದಖನ್ನಿನಲ್ಲಿ ಎಲ್ಲರೂ ಯಾರಿಗಾಗಿಯೋ ಕಾಯುತ್ತಿದ್ದರು. ಹಿಜರಿ ಸಾವಿರದ ವರ್ಷ ಸಮೀಪಿಸುತ್ತಿತ್ತು, ಅಂದರೆ ಕ್ರಿ.ಶ. 1591-92. ಭೂಮಿಯನ್ನು ನ್ಯಾಯದಿಂದ ತುಂಬುವ ಮಹ್ದಿಯ ಬಗೆಗಿನ ಚರ್ಚೆ ಮಸೀದಿಗಳಲ್ಲೂ ಆಸ್ಥಾನಗಳಲ್ಲೂ ಬಿಸಿಯೇರಿತ್ತು. ಜೌನ್‌ಪುರದ ಸಯ್ಯಿದ್ ಮುಹಮ್ಮದರನ್ನು ಮಹ್ದಿಯೆಂದು ನಂಬಿದವರು ಅಹ್ಮದ್‌ನಗರದಲ್ಲಿ ಕೆಲಕಾಲ ಅಧಿಕಾರವನ್ನೇ ಹಿಡಿದರು. ಬಹುಪಾಲು ಉಲಮಾಗಳು ಆ ವಾದವನ್ನು ಒಪ್ಪಲಿಲ್ಲ. ಇತ್ತ ಕನ್ನಡದ ಕಾಲಜ್ಞಾನ ಸಾಹಿತ್ಯದಲ್ಲಿ, ನಾಡು ಹಾಳಾದ ಮೇಲೆ ವೀರ ವಸಂತರಾಯನೆಂಬ ಅರಸ ಬಂದು ಧರ್ಮ ನಿಲ್ಲಿಸುವನೆಂಬ ನಂಬಿಕೆ ಹಬ್ಬಿತ್ತು. ಕೃಷ್ಣೆಯ ಆಚೆ ದಡದ ಕೊಡೇಕಲ್ ಬಸವಣ್ಣನ ಪರಂಪರೆ ಆ ಕಾಲಜ್ಞಾನಗಳಿಗೆ ಹೆಸರಾದುದು. ಮುದಗಲ್‌ನ ಕ್ರೈಸ್ತ ರೈತ, ಪಕ್ಕದ ಓಣಿಯ ಮುಸ್ಲಿಮ್ ನೇಕಾರ, ಊರಾಚೆಯ ಶರಣ ಪಂಥದ ಕೂಲಿಕಾರ, ಈ ಮೂವರೂ ಸಂಜೆ ಒಂದೇ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದರೆ, ಮೂರು ಹೆಸರಿನಲ್ಲಿ ಒಂದೇ ಮಾತನ್ನು ಆಡುತ್ತಿದ್ದರು ಎಂದು ಊಹಿಸಿಕೊಳ್ಳುವುದು ಕಷ್ಟವಲ್ಲ. ಆ ಕಾಲದ ಬಾವಿಕಟ್ಟೆಗಳಲ್ಲಿ ಮೂವರೂ ಒಟ್ಟಿಗೆ ಕೂರಲು ಜಾತಿ ಬಿಡುತ್ತಿತ್ತೇ ಎಂಬುದು ಬೇರೆ ಪ್ರಶ್ನೆ.

ಇನ್ನು ನಮ್ಮ ವಿಶ್ವಾಸದ ವಿಷಯ. ಪವಿತ್ರ ಕುರ್‌ಆನ್ ಈಸಾರನ್ನು(ಅ) ಮಸೀಹ್ ಎಂದೇ ಕರೆಯುತ್ತದೆ. ಅವರು ಕನ್ಯೆ ಮರ್ಯಮರ(ಅ) ಪುತ್ರರು, ಅಲ್ಲಾಹನ ದಾಸರು, ಸಂದೇಶವಾಹಕರು. ಅವರು ದೇವರೆಂದಾಗಲಿ ದೇವಪುತ್ರರೆಂದಾಗಲಿ ನಾವು ನಂಬುವುದಿಲ್ಲ. ಅವರನ್ನು ಶಿಲುಬೆಗೇರಿಸಿ ಕೊಲ್ಲಲಾಯಿತೆಂಬುದನ್ನು ಒಪ್ಪುವುದಿಲ್ಲ. ಅಲ್ಲಾಹನು ಅವರನ್ನು ತನ್ನೆಡೆಗೆ ಎತ್ತಿಕೊಂಡನು. ಈ ವ್ಯತ್ಯಾಸಗಳು ಸಣ್ಣವಲ್ಲ, ಸೌಹಾರ್ದದ ಹೆಸರಿನಲ್ಲಿ ಇವನ್ನು ಮರೆಮಾಚುವುದು ಎರಡೂ ಧರ್ಮಗಳಿಗೆ ಅಗೌರವ. ಆದರೆ ಅವರ ಪುನರಾಗಮನದ ವಿಷಯದಲ್ಲಿ ನಾವು ನೆರೆಯವರಿಗೆ ಬಹಳ ಹತ್ತಿರ ಬರುತ್ತೇವೆ. ಅಬೂಹುರೈರಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಇರುವ ಹದೀಸ್ ಪ್ರಕಾರ, ಮರ್ಯಮರ ಪುತ್ರರು ನ್ಯಾಯವಂತ ತೀರ್ಪುಗಾರರಾಗಿ ಇಳಿದುಬರುವರು, ಸಂಪತ್ತು ಎಷ್ಟು ಹರಿಯುವುದೆಂದರೆ ಅದನ್ನು ಸ್ವೀಕರಿಸುವವರೇ ಇರಲಾರರು. ಮುಸ್ನದ್ ಅಹ್ಮದ್‌ನ ಇನ್ನೊಂದು ವರದಿ, ಅವರ ಕಾಲದಲ್ಲಿ ಸಿಂಹಗಳು ಒಂಟೆಗಳೊಂದಿಗೆ, ತೋಳಗಳು ಕುರಿಗಳೊಂದಿಗೆ ಮೇಯುವವು, ಮಕ್ಕಳು ಹಾವುಗಳೊಂದಿಗೆ ಆಡಿದರೂ ಕೇಡಾಗದು ಎನ್ನುತ್ತದೆ. ಯೆಶಾಯರ ಗ್ರಂಥದ ಚಿತ್ರವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಬುಖಾರಿ ಹದೀಸಿನಲ್ಲಿ ಈಸಾ(ಅ) ಶಿಲುಬೆಯನ್ನು ಮುರಿಯುವರು ಎಂಬ ಮಾತೂ ಇದೆ. ಕೆಲವು ಭಾಷಣಕಾರರು ಅದೊಂದನ್ನೇ ಎತ್ತಿ ಹೇಳಿ ಸಭೆಯನ್ನು ಕಾವೇರಿಸುತ್ತಾರೆ. ತಮ್ಮ ಬಗ್ಗೆ ಹುಟ್ಟಿಕೊಂಡ ತಪ್ಪು ವಿಶ್ವಾಸವನ್ನು ಅವರು ಸ್ವತಃ ನಿವಾರಿಸುವರು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಆ ಕೆಲಸ ಮಸೀಹರದು. ಅದನ್ನು ಅವರ ಬರವಿಗೆ ಮುನ್ನ ಯಾರದಾದರೂ ಕೈಗೆ ಒಪ್ಪಿಸಿದ ಒಂದು ಮಾತೂ ಹದೀಸಿನಲ್ಲಿಲ್ಲ. ಅವರ ಆಗಮನದವರೆಗೆ ನಮ್ಮ ಮೇಲಿರುವ ಆಜ್ಞೆ ಅಲ್‌ಮಾಇದ ಅಧ್ಯಾಯದಲ್ಲಿದೆ: ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ತಪ್ಪಿಸಬಾರದು ಎಂಬ ಆಶಯದ ಆಜ್ಞೆ ಅದು.

ಮುಸ್ಲಿಮ್ ಸಮುದಾಯ ತನ್ನ ಬಾಲ್ಯದಲ್ಲಿಯೇ ಒಬ್ಬ ಕ್ರೈಸ್ತ ಅರಸನ ನ್ಯಾಯವನ್ನು ಉಂಡಿದೆ. ಪ್ರವಾದಿತ್ವದ ಐದನೆಯ ವರ್ಷ, ಕ್ರಿ.ಶ. 615ರ ಸುಮಾರಿಗೆ, ಮಕ್ಕಾದ ಹಿಂಸೆ ತಾಳಲಾರದ ಸಹಾಬಿಗಳಿಗೆ ಪ್ರವಾದಿವರ್ಯರು(ಸ) ಅಬಿಸೀನಿಯಾಕ್ಕೆ ಹೋಗಲು ಹೇಳಿದರು. ಅಲ್ಲಿ ಯಾರಿಗೂ ಅನ್ಯಾಯವಾಗದಂತೆ ಆಳುವ ಅರಸನಿದ್ದಾನೆ ಎಂಬುದೇ ಅವರು ಕೊಟ್ಟ ಕಾರಣ. ಕುರೈಷರ ದೂತರು ಉಡುಗೊರೆಗಳೊಂದಿಗೆ ಬೆನ್ನಟ್ಟಿ ಬಂದರು. ನಜಾಶಿ ಒಂದು ಪಕ್ಷದ ಮಾತನ್ನಷ್ಟೇ ಕೇಳಿ ತೀರ್ಪು ಕೊಡಲಿಲ್ಲ. ಜಅಫರ್ ಬಿನ್ ಅಬೀತಾಲಿಬ್(ರ) ಮರ್ಯಮ್ ಅಧ್ಯಾಯದ ಆರಂಭದ ವಚನಗಳನ್ನು ಓದಿದಾಗ ಅರಸನ ಗಡ್ಡ ಕಣ್ಣೀರಿನಿಂದ ತೊಯ್ದಿತೆಂದು ಸೀರಾ ಗ್ರಂಥಗಳು ಹೇಳುತ್ತವೆ. ಮರುದಿನ ದೂತರು ಬೇರೊಂದು ಬಾಣ ಬಿಟ್ಟರು: ‘ಈ ಜನ ಈಸಾರನ್ನು ದಾಸನೆನ್ನುತ್ತಾರೆ, ಕೇಳಿ ನೋಡಿ.’ ಆಶ್ರಯ ತಪ್ಪಿಹೋಗುವ ಭಯವಿದ್ದರೂ ಜಅಫರ್(ರ) ಮಾತನ್ನು ಮೃದುಗೊಳಿಸಲಿಲ್ಲ. ಈಸಾ(ಅ) ಅಲ್ಲಾಹನ ದಾಸ, ಅವನ ಸಂದೇಶವಾಹಕ, ಮರ್ಯಮರೆಡೆಗೆ ಅವನು ಕಳುಹಿಸಿದ ವಚನ ಎಂದೇ ನುಡಿದರು. ಆಸ್ಥಾನದ ಧರ್ಮಗುರುಗಳು ಗೊಣಗಿದರು. ಅರಸ ಆಶ್ರಯವನ್ನು ಹಿಂತೆಗೆದುಕೊಳ್ಳಲಿಲ್ಲ, ಉಡುಗೊರೆಗಳನ್ನು ಹಿಂದಕ್ಕೆ ಕಳುಹಿಸಿದನು. ನಜಾಶಿ ಮುಂದೆ ಇಸ್ಲಾಮ್ ಸ್ವೀಕರಿಸಿದರೆಂಬುದು ನಮ್ಮ ಗ್ರಂಥಗಳ ನಿಲುವು. ಅವರ ಮರಣವಾರ್ತೆ ಬಂದಾಗ ಪ್ರವಾದಿವರ್ಯರು(ಸ) ಮದೀನಾದಲ್ಲಿ ಅವರಿಗಾಗಿ ಜನಾಝಾ ನಮಾಜು ನಿರ್ವಹಿಸಿದರು. ಆದರೆ ನಿರಾಶ್ರಿತರು ಬಾಗಿಲು ತಟ್ಟಿದ ದಿನ ಅವರು ಕುಳಿತಿದ್ದದ್ದು ಒಬ್ಬ ಕ್ರೈಸ್ತ ಅರಸನಾಗಿಯೇ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಈ ನಿರೀಕ್ಷೆ ಕ್ರೈಸ್ತರಲ್ಲಿ ಇನ್ನೊಂದು ರೂಪ ತಳೆಯಿತು. ಮೊದಲ ಮಹಾಯುದ್ಧ ಮುಗಿದು ಯುರೋಪಿನಲ್ಲಿ ಸರ್ವಾಧಿಕಾರಿಗಳು ತಲೆಯೆತ್ತುತ್ತಿದ್ದಾಗ, 1925ರ ಡಿಸೆಂಬರಿನಲ್ಲಿ ಪೋಪ್ ಹನ್ನೊಂದನೆಯ ಪಯಸ್ ‘ಕ್ರಿಸ್ತರಾಜ’ನ ಹಬ್ಬವನ್ನು ಜಾರಿಗೆ ತಂದರು. ಮುಸೊಲಿನಿಯ ಇಟಲಿಯಲ್ಲಿ ಕುಳಿತು ‘ನಿಜವಾದ ಅರಸ ಬೇರೊಬ್ಬನಿದ್ದಾನೆ’ ಎಂದು ಹೇಳುವುದಕ್ಕೆ ಆಗ ಒಂದು ಅರ್ಥವಿತ್ತು. ಇಂದು ಕೆಥೊಲಿಕರು ಕ್ರಿಸ್ಮಸ್‌ಗೆ ಮುಂಚಿನ ಕಾಯುವ ವಾರಗಳು ಆರಂಭವಾಗುವ ಹಿಂದಿನ ಭಾನುವಾರ ಈ ಹಬ್ಬವನ್ನು ಆಚರಿಸುತ್ತಾರೆ. ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ರಾಯಚೂರು ಜಿಲ್ಲೆಯ ಚರ್ಚುಗಳಲ್ಲೂ ಅದು ಹಾಗೆಯೇ.

ಈ ಭಾಗದ ಪ್ರೊಟೆಸ್ಟಂಟ್ ಕ್ರೈಸ್ತರ ಕಥೆ ಬಳ್ಳಾರಿಯ ಕಡೆಯಿಂದ ಬರುತ್ತದೆ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ಜೊತೆಗಾರರೊಂದಿಗೆ ಬೈಬಲ್ಲನ್ನು ಕನ್ನಡಿಸಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಲಭ್ಯವಾಯಿತು. ಯೆಶಾಯರ ಮಾತು ಹೀಬ್ರೂವಿನಿಂದ ಹೊರಟು ಎರಡೂವರೆ ಸಾವಿರ ವರ್ಷಗಳ ನಂತರ ಕೃಷ್ಣಾ-ತುಂಗಭದ್ರೆಯರ ಭಾಷೆಗೆ ಇಳಿಯಿತು. ಅದನ್ನು ಕೇಳಿಸಿಕೊಂಡವರಲ್ಲಿ ಬಹಳಷ್ಟು ಮಂದಿ ಊರ ಹೊರಗಿನ ಕೇರಿಗಳವರು, ತಲೆಮಾರುಗಳಿಂದ ಗೌಡನ ಹೊಲದಲ್ಲಿ ಜೀತಕ್ಕಿದ್ದವರು. ಬಡವನ ಪರವಾಗಿ ತೀರ್ಪು ಕೊಡುವ ಅರಸನೊಬ್ಬನಿದ್ದಾನೆ ಎಂಬುದು ಅವರಿಗೆ ಪುರಾಣದ ಮಾತಾಗಿ ಕೇಳಿಸಲಿಲ್ಲ. ಈ ದೇಶದಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆ ಬಂದದ್ದು 1976ರಲ್ಲಿ. ಅಂದರೆ ಆ ಬೈಬಲ್ ಕನ್ನಡಕ್ಕೆ ಬಂದು 145 ವರ್ಷ ಕಳೆದ ಮೇಲೆ. ಅಷ್ಟು ಕಾಲ ಅವರ ನೆರೆಯಲ್ಲಿ ನಾವೂ ಇದ್ದೆವು. ಮುಸ್ಲಿಮ್ ಜಾಗೀರುದಾರರ ಹೊಲಗಳಲ್ಲೂ ದುಡಿಮೆಗಾರರಿದ್ದರು. ಕೆಲಸಗಾರನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬ ಹದೀಸನ್ನು ಆ ಹೊಲಗಳಲ್ಲಿ ಎಷ್ಟು ಮಂದಿ ಪಾಲಿಸಿದರು ಎಂಬ ಲೆಕ್ಕ ಅಲ್ಲಾಹನ ಬಳಿ ಇದೆ.

ಮುದಗಲ್ ಇಂದು ನಾಡಿನಲ್ಲಿ ಹೆಸರಾಗಿರುವುದು ಚರ್ಚಿಗಿಂತ ಹೆಚ್ಚಾಗಿ ಮೊಹರಮ್‌ಗಾಗಿ. ಹುಸೈನಿ ಆಲಮ್‌ಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ, ಅವರಲ್ಲಿ ಹಿಂದೂಗಳ ಸಂಖ್ಯೆ ದೊಡ್ಡದು. ಅಲಾಯಿ ಹಿಡಿಯುವ ಆಚರಣೆಗಳಲ್ಲಿ ಹಲವನ್ನು ನಮ್ಮ ಉಲಮಾಗಳು ಒಪ್ಪುವುದಿಲ್ಲ, ಆ ಅಭಿಪ್ರಾಯ ನನ್ನದೂ ಹೌದು. ಆದರೂ ಆ ಜನಸಾಗರವನ್ನು ಸೇರಿಸುವ ಹೆಸರು ಹಿಜರಿ 61ರಲ್ಲಿ ಕರ್ಬಲಾದ ಮರಳಿನಲ್ಲಿ ಅನ್ಯಾಯದ ಅರಸನಿಗೆ ಬೈಅತ್ ನೀಡಲು ನಿರಾಕರಿಸಿದ ಇಮಾಮ್ ಹುಸೈನರದು(ರ). ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡದಲ್ಲೇ ಕಟ್ಟಿದ ರಿವಾಯತ್ ಪದಗಳು ಆ ನಿರಾಕರಣೆಯನ್ನು ಅಕ್ಷರ ಬಾರದವರ ಬಾಯಲ್ಲೂ ಉಳಿಸಿವೆ.

ಚಾಂದ್ರಮಾನದ ಮೊಹರಮ್ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ ಸುತ್ತುತ್ತದೆ. 2009ರಲ್ಲಿ ಆಶೂರಾ ದಿನ ಬಂದದ್ದು ಡಿಸೆಂಬರ್ 28ರಂದು, ಕ್ರಿಸ್ಮಸ್ ಕಳೆದ ಮೂರೇ ದಿನಕ್ಕೆ. ಆ ವಾರ ಮುದಗಲ್‌ನಲ್ಲಿ ಚರ್ಚಿನವರಿಗೂ ಆಶೂರಖಾನೆಯವರಿಗೂ ಹಬ್ಬದ ದಿನಗಳು ಒಂದೇ ಆಗಿದ್ದವು. ಲೆಕ್ಕದ ಪ್ರಕಾರ ಆಶೂರಾ ಮತ್ತೆ ಕ್ರಿಸ್ಮಸ್‌ಗೆ ಅಷ್ಟು ಹತ್ತಿರ ಬರುವುದು 2042ರ ಡಿಸೆಂಬರಿನಲ್ಲಿ. ಇಂದು ನಕ್ಷತ್ರದ ಬಗ್ಗೆ ಪ್ರಶ್ನೆ ಕೇಳುವ ಮಗುವಿಗೆ ಆಗ ತನ್ನ ಮಕ್ಕಳಿಗೆ ಉತ್ತರ ಹೇಳುವ ವಯಸ್ಸಾಗಿರುತ್ತದೆ.